ಪದಚರ್ಚೆ: ‘ಪೌರತ್ವ’ ಇದೆ ಸರಿ, ಪೌರರಾಗುವುದಕ್ಕೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ನಾನಿರುವುದು ಜರ್ಮನಿಯಲ್ಲಿ, ಊರು ಪುತ್ತೂರಿನ ಹತ್ತಿರ. ಇಲ್ಲಿಗೆ ಹೊಸದಾಗಿ ಬರುವ ಕನ್ನಡಿಗರಿಗೆ ಅಂತ ನಾವು ಮೂರು ನಾಲ್ಕು ಜನ ಸೇರಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಮನೆ ಹುಡುಕುವುದು, ವಿಮೆ, ಮಕ್ಕಳ ಶಾಲೆ ಎಲ್ಲ ಸಲೀಸಾಗಿ ಮುಗಿಯಿತು. ವೀಸಾದಿಂದ ಪಾಸ್‌ಪೋರ್ಟ್‌ವರೆಗಿನ ಅಧ್ಯಾಯಕ್ಕೆ ಬಂದಾಗ ಸಿಕ್ಕಿಹಾಕಿಕೊಂಡೆವು. ಪದಗಳಿಲ್ಲ ಅಂತಲ್ಲ. ಇರುವ ಪದಗಳು ಬೇರೆ ಕೆಲಸಕ್ಕೆ ಹೋಗಿಬಿಟ್ಟಿವೆ.

ಇಲ್ಲಿ ಮೂರು ಮೆಟ್ಟಿಲು. ಮೊದಲನೆಯದು ‘ಔಫೆಂಟ್‌ಹಾಲ್ಟ್ಸ್‌ಎರ್‌ಲೌಬ್ನಿಸ್’. ಇಂಥ ಕೆಲಸಕ್ಕೆ, ಇಷ್ಟು ಕಾಲ ಅಂತ ಗಡುವು ಹಾಕಿ ಕೊಡುವ ಪರವಾನಗಿ. ಎರಡನೆಯದು ‘ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್’, ಗಡುವಿಲ್ಲದ್ದು. ಬ್ಲೂ ಕಾರ್ಡ್ (ಹೆಚ್ಚು ಓದಿ ಕೆಲಸಕ್ಕೆ ಬಂದ ಹೊರದೇಶದವರಿಗೆ ಕೊಡುವ ಪರವಾನಗಿ) ಇರುವವರಿಗೆ ಜರ್ಮನ್ ಬಿ1 ಮಟ್ಟದಲ್ಲಿ ಬಂದರೆ ಇದು 21 ತಿಂಗಳಿಗೇ ಸಿಗುತ್ತದೆ. ಮೂರನೆಯದು ‘ಐನ್‌ಬ್ಯುರ್ಗರುಂಗ್’, ಅಂದರೆ ಈ ದೇಶದವನೇ ಆಗಿಬಿಡುವುದು. ಮೊದಲು ಎಂಟು ವರ್ಷದ ವಾಸ ಬೇಕಿತ್ತು, 2024ರ ಜೂನ್ 27ರಿಂದ ಐದು ಸಾಕು. ಒಂದು ಪರೀಕ್ಷೆಯೂ ಇದೆ. 33 ಪ್ರಶ್ನೆ, 17 ಸರಿಯಾದರೆ ಪಾಸು. ಹೆಸರು ಕೇಳಿ ಹೆದರುವಷ್ಟು ಕಷ್ಟವೇನಿಲ್ಲ.

ನನ್ನ ತಲೆನೋವು ಈ ಮೂರನೆಯ ಪದ. ‘ಬ್ಯುರ್ಗರ್’ ಬಂದದ್ದು ‘ಬುರ್ಗ್’ನಿಂದ, ಅಂದರೆ ಕೋಟೆ, ಕೋಟೆಯೂರು. ನಮ್ಮ ‘ಪೌರ’ ಪುರದಿಂದ, ‘ನಾಗರಿಕ’ ನಗರದಿಂದ. ಇಂಗ್ಲಿಷಿನ ಸಿಟಿಜನ್ ಕೂಡ ಸಿಟಿಯವನೇ. ಎಲ್ಲರೂ ಪೇಟೆಯವರು! ಹಾಗಾಗಿ ‘ಪೌರೀಕರಣ’ ಅಂತ ಮಾಡಿದರೆ ಜರ್ಮನ್ ಪದಕ್ಕೆ ತೂಕಕ್ಕೆ ತೂಕ ಆಗುತ್ತದೆ ಅಂದುಕೊಂಡೆ. ತಂಡದಲ್ಲಿ ಒಬ್ಬರು ಓದಿ, “ಇದೇನು, ಗ್ರಾಮ ಪಂಚಾಯಿತಿಯನ್ನು ಪುರಸಭೆ ಮಾಡೋದಾ?” ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಪೌರಾಯುಕ್ತ, ಪೌರಕಾರ್ಮಿಕ ಅಂತ ಕೇಳಿ ಬೆಳೆದ ಕಿವಿಗೆ ‘ಪೌರ’ ಅಂದರೆ ನೀರು, ಕಸ, ಚರಂಡಿ.

‘ನಾಗರಿಕ’ದ ಪಾಡು ಇನ್ನೂ ಚೆಂದ. “ಅವನು ಕಳೆದ ವರ್ಷ ಜರ್ಮನಿಯ ನಾಗರಿಕನಾದ” ಅಂತ ಬರೆದೆ. ಅಲ್ಲಿಯವರೆಗೆ ಅನಾಗರಿಕನಾಗಿದ್ದನಾ ಅಂತ ನನ್ನ ಹೆಂಡತಿಯೇ ನಕ್ಕಳು. ಇನ್ನು ‘ಪ್ರಜೆ’. ಈ ಪದಕ್ಕೆ ರಾಜನ ನೆರಳು ಇನ್ನೂ ಬಿಟ್ಟಿಲ್ಲ. ಒಂದು ವಿಚಿತ್ರ ಗಮನಿಸಿದ್ದೀರಾ? ಪತ್ರಿಕೆಗಳಲ್ಲಿ ‘ಹಿರಿಯ ನಾಗರಿಕರು’ ಇರುತ್ತಾರೆ, ‘ಹಿರಿಯ ಪ್ರಜೆ’ ಇಲ್ಲ. ಅದೇ ಹೊರದೇಶದವರು ಸಿಕ್ಕಿಬಿದ್ದರೆ ‘ವಿದೇಶಿ ಪ್ರಜೆಯ ಬಂಧನ’. ಗೌರವಕ್ಕೆ ನಾಗರಿಕ, ಕೇಸಿಗೆ ಪ್ರಜೆ.

ನೆಟ್‌ನಲ್ಲಿ ಹುಡುಕಿದರೆ ‘ನೈಸರ್ಗಿಕೀಕರಣ’ ಅಂತ ಕಾಣಿಸುತ್ತದೆ. ಇಂಗ್ಲಿಷಿನ ‘ನ್ಯಾಚುರಲೈಸೇಶನ್’ಗೆ ಯಂತ್ರದ ಅನುವಾದ, ಬಿಟ್ಟುಬಿಡಿ. ‘ದೇಶೀಕರಣ’ ಅಂತ ಒಂದಿದೆ, ಆದರೆ ಅದನ್ನು ಕೇಳಿದರೆ ನೆನಪಾಗುವುದು ಸೇನೆಯ ಬಿಡಿಭಾಗಗಳನ್ನು ನಮ್ಮಲ್ಲೇ ತಯಾರಿಸುವುದು. ‘ಪೌರತ್ವಗ್ರಹಣ’ ಅಂತ ಇನ್ನೊಬ್ಬರು ಸೂಚಿಸಿದರು. ಗ್ರಹಣ ಅಂದಕೂಡಲೇ ದರ್ಭೆ ಹುಡುಕುವ ಜನ ನಾವು.

ಹೀಗಿರುವಾಗ ಒಂದು ಭಾನುವಾರ ಫೋನಿನಲ್ಲಿ ಅಪ್ಪ ಕೇಳಿದರು. “ಅದೆಲ್ಲ ಇರಲಿ. ಈಗ ನಿನ್ನದು ಚಾಲಗೇಣಿಯಾ, ಮೂಲಗೇಣಿಯಾ?”

ದಕ್ಷಿಣ ಕನ್ನಡದ ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಚಾಲಗೇಣಿ ಒಕ್ಕಲು ಅಂದರೆ ಧಣಿಗೆ ಮನಸ್ಸಿದ್ದಷ್ಟು ದಿನ. ಗೇಣಿ ಏರಿಸಬಹುದು, ಬೇಡವಾದರೆ ಎಬ್ಬಿಸಬಹುದು. ಮೂಲಗೇಣಿ ಹಾಗಲ್ಲ. ಗೇಣಿ ಗೊತ್ತುಮಾಡಿದ್ದು, ಮಗನಿಗೂ ಮೊಮ್ಮಗನಿಗೂ ಇಳಿಯುವಂಥದ್ದು. ಕಟ್ಟುತ್ತಿರುವವರೆಗೆ ಏಳು ಅನ್ನುವ ಹಾಗಿಲ್ಲ. ಆದರೂ ಭೂಮಿ ಒಕ್ಕಲಿನದ್ದಲ್ಲ. ನಮ್ಮ ಅಜ್ಜನದು ಚಾಲಗೇಣಿ. 1974ರ ಭೂಸುಧಾರಣೆ ಬಂದ ಮೇಲೆ ಅರ್ಜಿ ಹಾಕಿ ಆ ಭೂಮಿಗೆ ಒಡೆಯರಾದರು. ಅದಕ್ಕೆ ನಮ್ಮ ಮನೆಯಲ್ಲಿ ಇವತ್ತಿಗೂ ‘ಡಿಕ್ಲರೇಷನ್ ಆಯಿತು’ ಅನ್ನುತ್ತಾರೆ. ಎರಡೇ ಮಾತು, ಇಡೀ ಬದಲಾವಣೆ ಅದರಲ್ಲಿದೆ.

ಮೂರು ಮೆಟ್ಟಿಲೂ ಅಪ್ಪನಿಗೆ ಆಗಲೇ ಅರ್ಥವಾಗಿದ್ದವು, ನಾನು ಮಾತ್ರ ಡಿಕ್ಷನರಿ ತಿರುವುತ್ತಿದ್ದೆ.

ಹಾಗಂತ ಕೈಪಿಡಿಯಲ್ಲಿ ‘ಮೂಲಗೇಣಿ’ ಅಂತ ಹಾಕಲಾಗದು. ಬಳ್ಳಾರಿಯವರಿಗೆ ತಿಳಿಯಬೇಕಲ್ಲ. ಹೋಲಿಕೆಯೂ ಪೂರ್ತಿ ಕೂರುವುದಿಲ್ಲ. ಇಲ್ಲಿನ ಗಡುವಿಲ್ಲದ ಪರವಾನಗಿ ಕೂಡ, ಆರು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ಸಾಮಾನ್ಯವಾಗಿ ರದ್ದಾಗುತ್ತದೆ. ಅದಕ್ಕೇ ‘ಕಾಯಂ ನಿವಾಸ’ ಅನ್ನಲು ನನಗೆ ಮನಸ್ಸಿಲ್ಲ. ‘ಕಾಯಂ’ ಅಂತ ನಂಬಿ ಊರಿಗೆ ಹೋಗಿ ಏಳು ತಿಂಗಳು ಕೂತವರಿಗೆ ಯಾರು ಉತ್ತರ ಕೊಡುತ್ತಾರೆ?

ಆದರೆ ಅಪ್ಪನ ಮಾತಿನಿಂದ ‘ಒಕ್ಕಲು’ ನೆನಪಾಯಿತು. ‘ಒಕ್ಕಲೆಬ್ಬಿಸು’ ಪತ್ರಿಕೆಗಳಲ್ಲಿ ಗಟ್ಟಿಯಾಗಿದೆ. ಬಂದು ನೆಲೆಸುವುದಕ್ಕಿದ್ದ ‘ಒಕ್ಕಲಾಗು’ ಎಲ್ಲಿ ಹೋಯಿತು? ನಮ್ಮ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುವುದುಂಟು, ಅಷ್ಟೇ. ಎಬ್ಬಿಸುವ ಪದ ಉಳಿದು ಕೂರಿಸುವ ಪದ ಸವೆದದ್ದು ಬೇಜಾರಿನ ಸಂಗತಿ. ‘ಒಕ್ಕಲು ಪರವಾನಗಿ’ ನನಗಂತೂ ಇಷ್ಟ. ಆದರೆ ಪರವಾನಗಿ ಪಡೆದವರನ್ನು ‘ಒಕ್ಕಲಿಗ’ ಅಂದರೆ ಬೇರೆಯೇ ಚರ್ಚೆ ಶುರುವಾಗುತ್ತದೆ! ಸದ್ಯಕ್ಕೆ ಮೊದಲನೆಯದಕ್ಕೆ ‘ತಂಗುವ ಪರವಾನಗಿ’, ಎರಡನೆಯದಕ್ಕೆ ‘ನೆಲೆಸುವ ಪರವಾನಗಿ’ ಅಂತ ಇಟ್ಟಿದ್ದೇವೆ.

ಮೂರನೆಯದಕ್ಕೆ ನನ್ನ ಸೂಚನೆ ‘ನಾಡುಸೇರ್ಪಡೆ’. ‘ಪೌರತ್ವ ಸಿಕ್ಕಿತು’ ಅಂದರೆ ದಾರಿಯಲ್ಲಿ ಸಿಕ್ಕಿದ ಹಾಗಿದೆ. ಸೇರ್ಪಡೆಯಲ್ಲಿ ನಾವು ಸೇರುವುದೂ ಇದೆ, ಅವರು ಸೇರಿಸಿಕೊಳ್ಳುವುದೂ ಇದೆ. ಕೊನೆಗೆ ಕಚೇರಿಯಲ್ಲಿ ‘ಉರ್ಕುಂಡೆ’ ಅಂತ ಒಂದು ಹಾಳೆ ಕೈಗೆ ಕೊಡುತ್ತಾರೆ. ಕೈಗೆ ಬಂದ ಗಳಿಗೆಯಿಂದಲೇ ಲೆಕ್ಕ. ಇದಕ್ಕೆ ಮಾತ್ರ ನಮ್ಮ ‘ಸನದು’ ಹೇಳಿಮಾಡಿಸಿದ ಹಾಗಿದೆ, ಪ್ರಮಾಣಪತ್ರ ಯಾಕೆ?

ಆ ಗಳಿಗೆಗೆ ಇನ್ನೊಂದು ಮುಖವೂ ಇದೆ. ಜರ್ಮನಿ ಈಗ ಎರಡು ದೇಶದ ಪೌರತ್ವಕ್ಕೆ ಒಪ್ಪುತ್ತದೆ, ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಬೇರೆ ದೇಶದ್ದನ್ನು ತಾನಾಗಿ ಪಡೆದ ಕೂಡಲೇ ಭಾರತದ್ದು ಕೊನೆಯಾಗುತ್ತದೆ. ಘೋಷಣೆ ಮಾಡಿ ಬಿಟ್ಟುಕೊಡುವುದು 8ನೇ ಸೆಕ್ಷನ್, ಅದು ಬೇರೆ. 2022ರಲ್ಲಿ 2,25,620 ಮಂದಿ ಭಾರತದ ಪೌರತ್ವ ‘ತ್ಯಜಿಸಿದರು’ ಅಂತ ಸುದ್ದಿ ಬಂತಲ್ಲ, ಕೇಳಿದರೆ ಎಲ್ಲರೂ ಕಾವಿ ಉಟ್ಟು ಹೊರಟ ಹಾಗಿದೆ. ಕನ್ನಡದಲ್ಲಿ ‘ಕೆಲಸ ಬಿಟ್ಟ’, ‘ಕೆಲಸ ಹೋಯಿತು’ ಅಂತ ಎಷ್ಟು ಸುಲಭವಾಗಿ ಬೇರೆ ಮಾಡುತ್ತೇವೆ! 8ಕ್ಕೆ ‘ಬಿಡುವುದು’, 9ಕ್ಕೆ ‘ಹೋಗುವುದು’ ಸಾಕಲ್ವಾ?

ಆಮೇಲೆ ಭಾರತ ಕೊಡುವ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡಿಗೆ ‘ಸಾಗರೋತ್ತರ ಪೌರತ್ವ’ ಅನ್ನುತ್ತಾರೆ. ಹೆಸರಲ್ಲಿ ಪೌರತ್ವ, ಕೈಯಲ್ಲಿ ಮತವಿಲ್ಲ, ಕೃಷಿಭೂಮಿ ಕೊಳ್ಳುವ ಹಾಗೂ ಇಲ್ಲ. ಇದನ್ನು ಸುಮ್ನೆ ‘ಓಸಿಐ’ ಅಂತಲೇ ಬಿಟ್ಟಿದ್ದೇವೆ.

ಈಗ ನನ್ನ ಪ್ರಶ್ನೆಗಳು. ಧಾರವಾಡ, ಕಲಬುರಗಿ, ಮೈಸೂರು ಕಡೆ ‘ಒಕ್ಕಲಾಗು’ ಅಥವಾ ‘ಒಕ್ಕಲು ಬಾ’ ಅನ್ನುವ ಬಳಕೆ ಇನ್ನೂ ಇದೆಯೇ? ಇದ್ದರೆ ಹಿರಿಯರು ಯಾವ ಅರ್ಥದಲ್ಲಿ ಹೇಳುತ್ತಾರೆ? ಚಾಲಗೇಣಿ-ಮೂಲಗೇಣಿಯಂಥ ಜೋಡಿ ನಿಮ್ಮ ಕಡೆ ಯಾವುದು? ‘ನಾಡುಸೇರ್ಪಡೆ’ ಕೇಳಿದಾಗ ಏನು ಹೊಳೆಯಿತು ಅಂತಲೂ ಬರೆಯಿರಿ. ‘ಪಕ್ಷ ಸೇರ್ಪಡೆ’ ನೆನಪಾಯಿತು ಅಂತ ಈಗಾಗಲೇ ಒಬ್ಬರು ಹೇಳಿದ್ದಾರೆ.