ಔಟರ್ ರಿಂಗ್ ರೋಡಲ್ಲಿ ಕೂದಲೆಳೆಯಲ್ಲಿ ತಪ್ಪೋ ಡಿಕ್ಕಿಗಳು: ಸೈಕಲ್ ರಸ್ತೆಯ ಯಾವ ಜಾಗದಲ್ಲಿರಬೇಕು?

ಬೆಳಗಿನ ಪೆಡಲ್: ಕೆ.ಆರ್.ಪುರದಿಂದ ಸಿಲ್ಕ್ ಬೋರ್ಡ್‌ವರೆಗೆ 2020ರಲ್ಲಿ ಗೂಟ ನೆಟ್ಟು ಮಾಡಿದ್ದ ಸೈಕಲ್ ಪಥ ಮೆಟ್ರೋ ಕೆಲಸದಲ್ಲಿ ಬಹುತೇಕ ಹೋಯ್ತು. ಈಗ ಸರ್ವಿಸ್ ರಸ್ತೆಯೇ ಗತಿ. ಎಡದ ಅಂಚು ಹಿಡಿದು ಹೋದ್ರೂ ಕಾರುಗಳು ಹ್ಯಾಂಡಲ್‌ಗೆ ಸವರಿಕೊಂಡೇ ಹೋಗ್ತವೆ, ಬಸ್ಸು ಮುಂದೆ ಬಂದು ಎಡಕ್ಕೆ ಒತ್ತುತ್ತೆ, ಆಟೋ ಗಕ್ಕನೆ ನಿಲ್ಲುತ್ತೆ. ಇದಕ್ಕಿಂತ ಎಡಕ್ಕೆ ಹೋಗೋಕೆ ಜಾಗವೇ ಇಲ್ಲ. ಏನು ಮಾಡಬೇಕು? ಕ್ಯಾಮೆರಾದಲ್ಲಿ ನಂಬರ್ ಸಿಕ್ಕರೆ ಉಪಯೋಗ ಇದೆಯಾ?

ಎಂಟನೇ ಗೇರ್: ಎಡದ ಅಂಚೇ ತೊಂದರೆಯ ಮೂಲ ಸರ್. ಲೆಕ್ಕ ಹಾಕಿ ನೋಡಿ. ಒಂದು ಲೇನ್ ಅಗಲ 3.5 ಮೀಟರ್, ನಿಮ್ಮ ಹ್ಯಾಂಡಲ್ 60 ಸೆಂ.ಮೀ. ಚಕ್ರ ಅಂಚಿನಿಂದ ಅರ್ಧ ಮೀಟರ್ ದೂರದಲ್ಲಿದ್ರೆ ಹ್ಯಾಂಡಲ್ ತುದಿ 0.8 ಮೀಟರಿಗೆ ಬರುತ್ತೆ. ಕಾರಿಗೆ 1.8 ಮೀಟರ್ ಬೇಕು. ಉಳಿದದ್ದು 0.9. ಅಷ್ಟು ಸಂದಿ ಕಂಡ ಕೂಡಲೇ ಚಾಲಕ ನುಗ್ಗುತ್ತಾನೆ. ಸುರಕ್ಷಿತ ಅಂತರ ಅಂದ್ರೆ 1.5 ಮೀಟರ್, ಅದು ಆ ಲೇನ್ ಒಳಗೆ ಹೇಗೂ ಸಿಗಲ್ಲ. ಅದಕ್ಕೇ ಅಂಚಿನಿಂದ ಒಂದು, ಒಂದೂಕಾಲು ಮೀಟರ್ ಒಳಗೆ ಬನ್ನಿ. ಹಿಂದಿನವನು ಲೇನ್ ಬದಲಿಸಿಯೇ ಹೋಗಬೇಕಾಗುತ್ತೆ. ಚರಂಡಿ ಜಾಲರಿ, ಜಲ್ಲಿಪುಡಿ, ಕುಸಿದ ಮ್ಯಾನ್‌ಹೋಲ್ ಎಲ್ಲ ಅಂಚಲ್ಲೇ ಇರೋದ್ರಿಂದ ತಪ್ಪಿಸೋಕೆ ದಿಢೀರ್ ಬಲಕ್ಕೆ ಎಳೆಯೋ ಪ್ರಮೇಯವೂ ತಪ್ಪುತ್ತೆ. ರಸ್ತೆ ಕಿರಿದಾದ ಕಡೆ ಲೇನ್ ನಡುವೆಯೇ ಹೋಗಿ. ಇದು ಸರ್ವಿಸ್ ರಸ್ತೆಯ ಮಾತು. ಗಾಡಿಗಳು 60 ದಾಟಿ ಓಡೋ ಮುಖ್ಯ ರಸ್ತೆಯಲ್ಲಿ ದಯವಿಟ್ಟು ಇದನ್ನು ಮಾಡಬೇಡಿ.

ನಿಂತ ಕಾರಿನ ಬಾಗಿಲು ಸುಮಾರು ಒಂದು ಮೀಟರ್ ತೆರೆದುಕೊಳ್ಳುತ್ತೆ. ಸೀಟಲ್ಲಿ ತಲೆ ಕಂಡ್ರೆ, ಬ್ರೇಕ್ ದೀಪ ಆಗಷ್ಟೇ ಆರಿದ್ರೆ, ಬಾಗಿಲು ತೆಗೀತಾರೆ ಅಂತಲೇ ತಿಳ್ಕೊಳ್ಳಿ.

ಡಿಪೋ ಪಕ್ಕದ ಮನೆ: ಬಸ್ಸಿನ ವಿಷಯ ಬೇರೆ. 12 ಮೀಟರ್ ಬಸ್ಸಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಆರು ಮೀಟರ್ ಹತ್ತಿರ ಇರುತ್ತೆ. ತಿರುಗುವಾಗ ಹಿಂದಿನ ಚಕ್ರ ಮುಂದಿನದರ ಜಾಡಲ್ಲಿ ಬರಲ್ಲ, ಒಂದು ಮೀಟರಿಗೂ ಹೆಚ್ಚು ಒಳಕ್ಕೆ ಕೊಯ್ದುಕೊಂಡು ಬರುತ್ತೆ. ಮುಂದಿನ ಚಕ್ರ ದಾಟಿತು, ಇನ್ನು ಭಯವಿಲ್ಲ ಅನ್ನೋ ಹೊತ್ತಿಗೇ ಹಿಂದಿನದು ಕಲ್ಲಂಚಿಗೆ ಒತ್ತುತ್ತೆ. ಬಸ್ಸಿಗೂ ಫುಟ್‌ಪಾತಿಗೂ ನಡುವೆ ಯಾವತ್ತೂ ಹೋಗಬೇಡಿ, ಸಿಗ್ನಲಲ್ಲಿ ನಿಂತಿದ್ರೂ ಸರಿ. ಬಸ್ಸು ನಿಮ್ಮನ್ನ ದಾಟಿದಾಗ ಮುಂದೆ ಸ್ಟಾಪ್ ಕಂಡ್ರೆ ಪೆಡಲ್ ನಿಲ್ಲಿಸಿ, ಐದಾರು ಮೀಟರ್ ಹಿಂದೆ ಉಳಿಯಿರಿ. ಬಾಗಿಲಲ್ಲಿ ಜನ ಹತ್ತುತ್ತಾ ಇದ್ರೆ ಮಾತ್ರ ಬಲದಿಂದ ದಾಟಿ.

ಆಟೋದ ಇಂಡಿಕೇಟರ್ ನಂಬಬೇಡಿ. ಚಾಲಕನ ತಲೆ ಫುಟ್‌ಪಾತ್ ಕಡೆ ತಿರುಗಿತಾ ನೋಡಿ. ಫುಟ್‌ಪಾತಲ್ಲಿ ಯಾರಾದ್ರೂ ಕೈ ಎತ್ತಿದ್ರೆ ಮುಂದಿರೋ ಆಟೋ ಎರಡು ಸೆಕೆಂಡಲ್ಲಿ ಎಡಕ್ಕೆ ಬಂತು ಅಂತಲೇ ಲೆಕ್ಕ.

ರಿಮ್ ಮತ್ತು ರಬ್ಬರ್: 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಐದೂವರೆ ಮೀಟರ್ ಹೋಗಿರ್ತೀರಿ. ಆದ್ದರಿಂದ ಗಾಡಿ ಸಾಲಿನ ಪಕ್ಕ ಹೋಗುವಾಗ ಎರಡು ಬೆರಳು ಬ್ರೇಕ್ ಲಿವರ್ ಮೇಲೇ ಇರಲಿ. ಲಿವರ್ ಪೂರ್ತಿ ಒತ್ತಿದಾಗಲೂ ಅದಕ್ಕೂ ಹಿಡಿಗೂ ನಡುವೆ ಎರಡು ಬೆರಳಷ್ಟು ಜಾಗ ಉಳಿಯಬೇಕು, ಇಲ್ಲದಿದ್ರೆ ಕೇಬಲ್ ಬಿಗಿ ಮಾಡಿ. ಪ್ಯಾಡಿನ ಗೀರು ಸವೆದು ಮಾಯವಾಗಿದ್ರೆ ಪ್ಯಾಡ್ ಬದಲಿಸಿ. ಮಳೆಯಲ್ಲಿ ರಿಮ್ ಬ್ರೇಕ್ ಮೊದಲ ಒಂದೆರಡು ಸುತ್ತು ನೀರು ಒರೆಸೋದರಲ್ಲೇ ಕಳೆಯುತ್ತೆ, ಹಾಗಾಗಿ ಜಂಕ್ಷನ್ ಬರುವ ಮೊದಲೇ ಮೆತ್ತಗೆ ಒಮ್ಮೆ ಒತ್ತಿ ಬಿಡಿ. ಕಾಮಗಾರಿಯ ಕಬ್ಬಿಣದ ಹಾಳೆ, ಬಿಳಿ ಪಟ್ಟಿ ಇವುಗಳ ಮೇಲೆ ಬ್ರೇಕ್ ಬೇಡ, ತಿರುವೂ ಬೇಡ. ಬಲ ಹ್ಯಾಂಡಲ್ ತುದಿಗೆ ಒಂದು ಕನ್ನಡಿ ಹಾಕಿಸಿ. ಅದೊಂದರಿಂದ ಆಗೋ ಉಪಕಾರ ದೊಡ್ಡದು.

ಸಾಕ್ಷಿ ಸಮೇತ: ಕ್ಯಾಮೆರಾ ಖಂಡಿತ ಉಪಯೋಗ ಇದೆ. ಪೆಟ್ಟಾಗಿರಲೇಬೇಕು ಅಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಪೆಟ್ಟಾಗುವ ಸಂಭವ ಇರೋ ಹಾಗೆ ಓಡಿಸೋದನ್ನೇ ಅಪರಾಧ ಅನ್ನುತ್ತೆ. ಅಪಾಯಕಾರಿ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಸಹ ಇದೆ. ನಡೆದ ಜಾಗ ಯಾವ ಸಂಚಾರ ಠಾಣೆಗೆ ಬರುತ್ತೋ ಅಲ್ಲಿಗೆ ದಿನಾಂಕ, ಸಮಯ, ಸ್ಥಳ, ನಂಬರ್ ಬರೆದು ದೂರು ಕೊಡಿ.

ಜನ ಎಡವೋದು ಇಲ್ಲಿ: ಲೂಪ್ ರೆಕಾರ್ಡಿಂಗ್ ಹಳೆಯದರ ಮೇಲೇ ಬರೆಯುತ್ತೆ, ಮನೆ ಮುಟ್ಟೋ ಹೊತ್ತಿಗೆ ಫೈಲೇ ಇರಲ್ಲ. ಕೂಡಲೇ ಲಾಕ್ ಬಟನ್ ಒತ್ತಿ. ನಂಬರನ್ನ ಬಾಯಿಬಿಟ್ಟು ಜೋರಾಗಿ ಹೇಳಿ, ಚಿತ್ರ ಮಸುಕಾದ್ರೂ ಮೈಕಲ್ಲಿ ಉಳಿಯುತ್ತೆ. ಕ್ಯಾಮೆರಾದ ಗಡಿಯಾರ ಸರಿ ಇಡಿ. ಕತ್ತರಿಸದ ಮೂಲ ಫೈಲ್ ತೆಗೆದಿಡಿ. ಇನ್ನೊಂದು ವಿಷಯ, ಅಗಲ ಲೆನ್ಸಲ್ಲಿ ಗಾಡಿ ನಿಜಕ್ಕಿಂತ ದೂರ ಕಾಣುತ್ತೆ. ಹ್ಯಾಂಡಲ್ ತುದಿ ಚೌಕಟ್ಟಿನೊಳಗೆ ಬರೋ ಹಾಗೆ ಕೂರಿಸಿದ್ರೆ ಅದರ ಅಳತೆಯಿಂದ ಅಂತರ ಅಂದಾಜು ಮಾಡಬಹುದು.

ಬೆಳಗಿನ ಪೆಡಲ್: ಎಲ್ಲರಿಗೂ ಧನ್ಯವಾದ. ಒಂದೇ ಉಳಿದಿದೆ. ಎಡಕ್ಕೆ ಫ್ಲೈಓವರ್ ರ‍್ಯಾಂಪ್ ಒಡೆಯೋ ಕಡೆ ನೇರ ಹೋಗೋದು ಹೇಗೆ?

ಎಂಟನೇ ಗೇರ್: ಕವಲಿನ ತ್ರಿಕೋನದ ಕಡೆ ಓರೆಯಾಗಿ ದಾಟಬೇಡಿ, ವೇಗದ ಗಾಡಿಗಳಿಗೆ ಬೆನ್ನು ಕೊಟ್ಟು ತುಂಬಾ ಹೊತ್ತು ಇರ್ತೀರಿ. ರ‍್ಯಾಂಪಿನ ಎಡ ಅಂಚಲ್ಲೇ ಹತ್ತಿಪ್ಪತ್ತು ಮೀಟರ್ ಹೋಗಿ, ಏರು ಶುರುವಾಗೋ ಮೊದಲೇ ನಿಂತು, ಹಿಂದೆ ತಿರುಗಿ ನೋಡಿ. ಸಂದಿ ಸಿಕ್ಕಾಗ ನಡೆದು ದಾಟುವವರ ಹಾಗೆ ನೇರ ಅಡ್ಡಲಾಗಿ ದಾಟಿ. ಅರ್ಧ ನಿಮಿಷ ಹೋಗುತ್ತೆ, ಹೋಗಲಿ.