ಸಹಾಯ ಬೇಕು: ಉದ್ದವಾಗುತ್ತಿರುವ ಸ್ನಾಯುವಿನಲ್ಲಿ ಬಲ ಹೆಚ್ಚುವುದೇಕೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಗರಡಿಯೊಂದರಲ್ಲಿ ಅಭ್ಯಾಸ ಮಾಡುವ ಹುಡುಗರಿಗೆ ಸ್ನಾಯುಗಳ ಕೆಲಸವನ್ನು ವಿವರಿಸುವ ಹೊಣೆ ನನ್ನದಾಗಿದ್ದು, ಒಂದು ಕಡೆ ಮುಂದೆ ಹೋಗಲಾಗದೆ ನಿಂತಿದ್ದೇನೆ.

ಕ್ಯಾಲ್ಸಿಯಂ ಅಯಾನುಗಳು ಸ್ನಾಯುವಿನ ನಿಯಂತ್ರಕ ಪ್ರೋಟೀನಾದ ಟ್ರೋಪೋನಿನ್‌ಗೆ ಅಂಟಿದಾಗ ಆಕ್ಟಿನ್ ಎಂಬ ತೆಳು ಪ್ರೋಟೀನ್ ಎಳೆಗಳ ಮೇಲಿನ ಸ್ಥಾನಗಳು ತೆರೆದುಕೊಂಡು, ದಪ್ಪ ಎಳೆಗಳಿಂದ ಚಾಚಿಕೊಂಡ ಮಯೋಸಿನ್ ಪ್ರೋಟೀನಿನ ತಲೆಗಳು ಅವುಗಳನ್ನು ಹಿಡಿದು ಎಳೆಯುತ್ತವೆ ಮತ್ತು ಹಿಡಿತ ಬಿಡಲು ಪ್ರತಿ ತಲೆಗೂ ಎಟಿಪಿಯ (ಜೀವಕೋಶಕ್ಕೆ ಶಕ್ತಿ ಒದಗಿಸುವ ವಸ್ತು) ಹೊಸ ಅಣು ಬೇಕಾಗುತ್ತದೆ ಎಂಬ, 1954ರಲ್ಲಿ ಮಂಡನೆಯಾದ, ಎಳೆಗಳು ಒಂದರ ಮೇಲೊಂದು ಜಾರುತ್ತವೆ ಎನ್ನುವ ಸಿದ್ಧಾಂತದಿಂದ ಬೆಳೆದ ವಿವರಣೆ ಅರ್ಥವಾಗಿದೆ. ಆದರೆ ಭಾರವಾದ ಡಂಬೆಲ್ಲನ್ನು ನಿಧಾನವಾಗಿ ಕೆಳಗಿಳಿಸುವಾಗ ತೋಳಿನ ಬೈಸೆಪ್ಸ್ ಸ್ನಾಯು ಸಕ್ರಿಯವಾಗಿದ್ದುಕೊಂಡೇ ಉದ್ದವಾಗುತ್ತದೆ. ಹೀಗೆ ಹಿಗ್ಗುವ ಸ್ನಾಯು, ಅಲುಗದೆ ಹಿಡಿದಾಗಿನ ಗರಿಷ್ಠಕ್ಕಿಂತಲೂ ಹೆಚ್ಚಿನ ಬಲವನ್ನು, ಅದೂ ಕಡಿಮೆ ಎಟಿಪಿ ಖರ್ಚಿನಲ್ಲಿ ಕೊಡಬಲ್ಲದು. ಹುಡುಗರು ಕೇಳುವುದೂ ಇದನ್ನೇ, ಕೇಳುವುದು ನ್ಯಾಯವೂ ಹೌದು.

ಪಿಯುಸಿ ಪಠ್ಯದಲ್ಲಿ ಹುಡುಕಿದೆ. ಅಲ್ಲಿ ಕುಗ್ಗುವಿಕೆಯ ವಿವರಣೆ ಮಾತ್ರ ಇದೆ. ಪರಿಚಿತ ಫಿಸಿಯೋಥೆರಪಿಸ್ಟ್ ಒಬ್ಬರು ಸ್ಪ್ರಿಂಗಿನಂತೆ ಹಿಗ್ಗುವ ಟೈಟಿನ್ ಎಂಬ ಪ್ರೋಟೀನಿನ ಕಡೆಗೆ ಬೆರಳು ತೋರಿಸಿದರು. ಅದು ಹೆಚ್ಚುವರಿ ಬಲಕ್ಕೆ ಉತ್ತರವಾದೀತು, ಎಟಿಪಿ ಉಳಿತಾಯಕ್ಕೆ ಹೇಗೆ ಉತ್ತರವಾಗುತ್ತದೆಂದು ತಿಳಿಯುತ್ತಿಲ್ಲ.

ಶರೀರಕ್ರಿಯಾಶಾಸ್ತ್ರ ಬಲ್ಲವರು ದಯವಿಟ್ಟು ತಿಳಿಸಿ: ಸ್ನಾಯು ಹಿಗ್ಗುವಾಗ ಮಯೋಸಿನ್ ತಲೆಗಳು ಎಟಿಪಿಯ ನೆರವಿಲ್ಲದೆ, ಹೊರಗಿನ ಎಳೆತದಿಂದಲೇ ಕಳಚಿಕೊಂಡು ಮತ್ತೆ ಅಂಟಿಕೊಳ್ಳುತ್ತವೆಯೇ?