ಸಹಾಯ ಬೇಕು: ಗೋಡೆಗೆ ಒರಗಿ ಕೂತವರನ್ನು ನಾಟಕಕ್ಕೆ ಎಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಓದು ಬಿಟ್ಟ, ಯಾವುದರಲ್ಲೂ ಆಸಕ್ತಿ ಇಲ್ಲದ 12 ಹುಡುಗ ಹುಡುಗಿಯರಿಗೆ ವಾರಕ್ಕೊಮ್ಮೆ ನಾಟಕದ ಕಾರ್ಯಾಗಾರ ನಡೆಸುತ್ತಿದ್ದೇನೆ. ಮೂರು ವಾರ ಆಯಿತು.

ನಾನು ಹಿಡಿದಿರುವುದು ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಲ್ 1970ರ ದಶಕದಲ್ಲಿ ರೂಪಿಸಿದ ಫೋರಂ ಥಿಯೇಟರ್ ದಾರಿ. ಒಂದು ಸಣ್ಣ ದೃಶ್ಯ ಆಡುತ್ತೇವೆ, ಅದು ಕೆಟ್ಟದಾಗಿ ಮುಗಿಯುತ್ತದೆ. ಮತ್ತೆ ಮೊದಲಿಂದ ಆಡುವಾಗ ನೋಡುವವರು ಯಾರು ಬೇಕಾದರೂ ‘ನಿಲ್ಲಿಸಿ’ ಅಂತ ಕೂಗಬಹುದು. ಸೋತ ಪಾತ್ರದ ಜಾಗಕ್ಕೆ ತಾವೇ ಬಂದು ಬೇರೆ ಥರ ಮಾಡಿ ತೋರಿಸಬಹುದು. ಓದುವಾಗ ಸುಲಭ ಅನಿಸಿತ್ತು. ನಮ್ಮಲ್ಲಿ ಯಾರೂ ಕೂಗಲೇ ಇಲ್ಲ! ಗೋಡೆಗೆ ಒರಗಿ ಮೊಬೈಲ್ ನೋಡುತ್ತಾರೆ.

ತಪ್ಪು ನನ್ನದೂ ಇದೆ. ‘ಓದು ಬಿಟ್ಟರೆ ಏನಾಗುತ್ತದೆ’ ಅಂತ ಮೊದಲ ದೃಶ್ಯಕ್ಕೆ ನಾನೇ ವಿಷಯ ಕೊಟ್ಟೆ. ಉಪದೇಶದ ವಾಸನೆ ಬಡಿಯದೇ ಇರುತ್ತಾ?

ಕಳೆದ ವಾರ ಮಾತಿಲ್ಲದೆ, ಬರೀ ಮೈಯಿಂದ ಚಿತ್ರ ಕಟ್ಟುವ ಆಟ ಆಡಿಸಿದೆ. ವಿಷಯ, ಬೈಸಿಕೊಳ್ಳುವ ಕ್ಷಣ. ಒಬ್ಬ ಹುಡುಗ ಸುಮ್ನೆ ಎದ್ದು ಬಂದ. ಬೈಯುವವನಾಗಿ ನಿಂತಿದ್ದವನ ಬೆರಳನ್ನು ಇನ್ನೂ ಮೇಲೆತ್ತಿ, ‘ಹಿಂಗಿರುತ್ತೆ’ ಅಂದ. ಮೂರು ವಾರದಲ್ಲಿ ಅವನ ಮೊದಲ ಮಾತು ಅದು.

ಇಲ್ಲಿಂದ ಮಾತಿನ ದೃಶ್ಯಕ್ಕೆ ಯಾವಾಗ ಹೋಗಬೇಕು? ಅವಸರ ಮಾಡಿದರೆ ಮತ್ತೆ ಗೋಡೆಗೇ ಹೋಗ್ತಾರೆ, ಅಲ್ವಾ? ಅವರ ಸ್ವಂತ ಕಥೆ ಕೇಳಲು ನನಗೆ ಭಯ, ಗಾಯ ಕೆದಕಿದ ಹಾಗಾಗಬಾರದು. ಕಲ್ಪನೆಯ ಪಾತ್ರದ ಮರೆ ಸಾಕಾ? ಮೊಬೈಲ್ ಕಿತ್ತಿಟ್ಟುಕೊಳ್ಳಲು ಮಾತ್ರ ಮನಸ್ಸಿಲ್ಲ.

ಇಂಥ ಗುಂಪಿನ ಜೊತೆ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಶನಿವಾರ ಮತ್ತೆ ಸೇರುತ್ತೇವೆ.